ಊರ ಬಾಯಲ್ಲಿ ವಿಜ್ಞಾನಿಯ ಹೆಸರು

ಮಲೆನಾಡಿನ ಹಳ್ಳಿಗಳಲ್ಲಿ ಇಬ್ಬರು ವಿಜ್ಞಾನಿಗಳ ಹೆಸರು ಎಲ್ಲರಿಗೂ ಗೊತ್ತು. ಅವರು ಏನು ಸಂಶೋಧನೆ ಮಾಡಿದರೆಂದು ಕೇಳಿದರೆ ಗೊತ್ತಿಲ್ಲ. ‘ಕಸ್ತೂರಿರಂಗನ್ ಬಂದ್ರೆ ಗಂಟುಮೂಟೆ ಕಟ್ಟಬೇಕಂತೆ’ ಎನ್ನುವಷ್ಟು ಗೊತ್ತು. ಅದಕ್ಕೂ ಮೊದಲು ಅದೇ ಜಾಗದಲ್ಲಿ ಗಾಡ್ಗೀಳರ ಹೆಸರಿತ್ತು. ವಿಜ್ಞಾನಿಗಳು, ಎಂಜಿನಿಯರುಗಳು ರಾಜಕೀಯಕ್ಕೆ ಬರಬೇಕು ಎಂಬ ಭಾಷಣ ಕೇಳಿದಾಗಲೆಲ್ಲ ನನಗೆ ಈ ಮಾತು ನೆನಪಾಗುತ್ತದೆ. ಬಂದವರನ್ನು ನಾವು ಕೂರಿಸಿದ್ದಾದರೂ ಎಲ್ಲಿ?

ನಮ್ಮಲ್ಲಿ ಇಂಥ ಭಾಷಣ ವಿಶ್ವೇಶ್ವರಯ್ಯನವರನ್ನು ಬಿಟ್ಟು ಮುಂದೆ ಹೋಗುವುದಿಲ್ಲ. 1912ರಿಂದ 1918ರವರೆಗೆ ದಿವಾನರಾಗಿದ್ದ ಅವರ ಅಧಿಕಾರ ನಿಂತಿದ್ದು ಮಹಾರಾಜರ ವಿಶ್ವಾಸದ ಮೇಲೆ. ಹಿಂದುಳಿದವರ ಮೀಸಲಾತಿಯ ವಿಷಯದಲ್ಲಿ ಭಿನ್ನಾಭಿಪ್ರಾಯ ಬಂದಾಗ ಹುದ್ದೆ ಬಿಟ್ಟರು. ಓಟು ಕೇಳುವ ಪ್ರಮೇಯ ಅವರಿಗೆ ಬರಲೇ ಇಲ್ಲ.

ಸ್ವತಂತ್ರ ಭಾರತ ಹಿಡಿದ ದಾರಿ ಸಮಿತಿಯದು. 2010ರಲ್ಲಿ ಕೇಂದ್ರ ಪರಿಸರ ಸಚಿವಾಲಯ ಮಾಧವ ಗಾಡ್ಗೀಳರ ಅಧ್ಯಕ್ಷತೆಯಲ್ಲಿ ಪಶ್ಚಿಮಘಟ್ಟದ ತಜ್ಞರ ಸಮಿತಿ ಮಾಡಿತು. 2011ರ ಆಗಸ್ಟಿನಲ್ಲಿ ವರದಿ ಬಂತು. ಸುಮಾರು 9 ಕಿ.ಮೀ. ಉದ್ದಗಲದ ಚೌಕಗಳಾಗಿ ಇಡೀ ಘಟ್ಟವನ್ನು ಬಿಡಿಸಿ, ಪರಿಸರ ಸೂಕ್ಷ್ಮತೆಗೆ ತಕ್ಕಂತೆ ಮೂರು ವಲಯ ಗುರುತಿಸಿದ ಕೆಲಸ ಅದು. ನನ್ನ ಮಟ್ಟಿಗೆ ಅದರ ಜೀವಾಳ ನಕ್ಷೆಯಲ್ಲ, ನಕ್ಷೆಯನ್ನು ಅಂತಿಮಗೊಳಿಸುವ ಮೊದಲು ಗ್ರಾಮಸಭೆಗಳ ಮುಂದೆ ಇಡಬೇಕೆಂಬ ಸಲಹೆ. ವಿಜ್ಞಾನಿಯೊಬ್ಬ ತನ್ನ ಗೆರೆಯನ್ನು ಊರವರು ತಿದ್ದಲಿ ಎನ್ನುವುದು ಸಣ್ಣ ಮಾತಲ್ಲ.

ಆದರೆ ಸಮಿತಿ ತಾತ್ಕಾಲಿಕವಾಗಿ ತಾಲ್ಲೂಕುಗಳನ್ನೇ ಹೆಸರಿಸಿ ವಲಯಕ್ಕೆ ಸೇರಿಸಿತು. ಬಿತ್ತಲ್ಲ ಏಟು! ತಾತ್ಕಾಲಿಕ ಎಂಬ ಪದ ಘಟ್ಟ ಹತ್ತಲಿಲ್ಲ. ‘ಇಡೀ ತಾಲ್ಲೂಕೇ ಹೋಯ್ತು’ ಎಂಬ ಸುದ್ದಿ ಹತ್ತಿತು. ಒಂದು ಸಲ ಓಟಿಗೆ ಮನೆಮನೆ ತಿರುಗಿದ ಪಂಚಾಯಿತಿ ಸದಸ್ಯನೂ ಇಂಥ ತಪ್ಪು ಮಾಡುತ್ತಿರಲಿಲ್ಲ. ಸಚಿವಾಲಯವಂತೂ ವರದಿಯನ್ನೇ ಬಚ್ಚಿಟ್ಟಿತು. ಮಾಹಿತಿ ಹಕ್ಕಿನ ಅರ್ಜಿ ದೆಹಲಿ ಹೈಕೋರ್ಟಿನವರೆಗೂ ಹೋಗಿ 2012ರಲ್ಲಿ ಅದು ಹೊರಬರುವಷ್ಟರಲ್ಲಿ ಗಾಳಿಮಾತು ಬೇರು ಬಿಟ್ಟಿತ್ತು.

ಆಮೇಲೆ ಬಂದದ್ದು ಇಸ್ರೋದ ಮಾಜಿ ಅಧ್ಯಕ್ಷ ಕಸ್ತೂರಿರಂಗನ್ ಸಮಿತಿ. 2013ರ ಅದರ ವರದಿ ಘಟ್ಟದ ಸುಮಾರು ಶೇ 37 ಭಾಗವನ್ನಷ್ಟೇ ಸೂಕ್ಷ್ಮ ಪ್ರದೇಶವೆಂದು ಇಟ್ಟುಕೊಂಡಿತು. ಪತ್ರಿಕೆಗಳು ಇದನ್ನು ‘ವಾಸ್ತವಿಕ’ ಎಂದವು. ನಾನು ಒಪ್ಪುವುದಿಲ್ಲ. ಜಾಗ ಕಡಿಮೆಯಾಯಿತು, ಜೊತೆಗೆ ಊರವರ ಪಾಲೂ ಕಡಿಮೆಯಾಯಿತು. ಗೆರೆ ಎಳೆದದ್ದು ಮುಖ್ಯವಾಗಿ ಉಪಗ್ರಹದ ಚಿತ್ರ ನೋಡಿ. ಮೇಲಿನಿಂದ ನೋಡಿದರೆ ಕಾನೂ ಹಸಿರು, ನೆರಳುಮರದ ಕೆಳಗಿನ ಕಾಫಿ ತೋಟವೂ ಹಸಿರು, ಅಡಿಕೆಯವರ ಸೊಪ್ಪಿನಬೆಟ್ಟವೂ ಹಸಿರು. ಯಾವ ಹಸಿರು ಯಾರದೆಂದು ಹೇಳಬೇಕಾದವರು ಕೆಳಗಿದ್ದರು.

ಈ ಸಮಿತಿಯ ದಾರಿಗೆ ತದ್ವಿರುದ್ಧವಾಗಿ ನಿಲ್ಲುವವರು ಮೇಘನಾದ ಸಹಾ. ನಕ್ಷತ್ರಗಳ ಬೆಳಕನ್ನು ಓದುವ ಸಮೀಕರಣ ಕೊಟ್ಟ ಭೌತವಿಜ್ಞಾನಿ, 1952ರಲ್ಲಿ ಕಲ್ಕತ್ತಾದಿಂದ ಎಡಪಂಥೀಯರ ಬೆಂಬಲ ಪಡೆದು, ಕಾಂಗ್ರೆಸ್ ವಿರುದ್ಧ ನಿಂತು ಗೆದ್ದು ಲೋಕಸಭೆಗೆ ಹೋದರು. ದಾಮೋದರ ನದಿಯ ಪ್ರವಾಹದ ಬಗ್ಗೆ ಅದಾಗಲೇ ಬರೆದಿದ್ದರು, ಪೂರ್ವ ಬಂಗಾಳದ ನಿರಾಶ್ರಿತರ ನಡುವೆ ಓಡಾಡಿದ್ದರು. 1954ರಲ್ಲಿ ಅಣುಶಕ್ತಿ ಕಾರ್ಯಕ್ರಮವನ್ನು ಸದನದ ಚರ್ಚೆಗೆ ಎಳೆದರು. ಅವರೇನು ಸೌಮ್ಯ ಸಲಹೆಗಾರರಲ್ಲ. ಜಗಳಗಂಟರೆಂದು ಹೆಸರಾಗಿತ್ತು, ಯೋಜನಾಬದ್ಧ ಅಭಿವೃದ್ಧಿಯ ಮೇಲೆ ಅವರಿಗಿದ್ದ ಭರವಸೆಯೂ ಕೆಲವೊಮ್ಮೆ ಅತಿಯೇ. ಆದರೆ ಸಂಸದ ಸಹಾ ತಪ್ಪಿದರೆ ಹಿಡಿದು ಕೇಳುವ ಮತದಾರನಿದ್ದ. ವರದಿ ಒಪ್ಪಿಸಿದ ಮರುದಿನ ವಿಸರ್ಜನೆಯಾಗುವ ಸಮಿತಿಯನ್ನು ಯಾರು ಕೇಳುವುದು?

ವಿಜ್ಞಾನಿಗಳನ್ನು ಹುರಿದುಂಬಿಸುವವರು ಈ ವ್ಯತ್ಯಾಸವನ್ನು ಮುಚ್ಚಿಡುತ್ತಾರೆ. ಅವರಿಗೆ ಬೇಕಿರುವುದು ವರದಿಗೆ ಒಂದು ದೊಡ್ಡ ಹೆಸರು. ಬೈಗುಳ ಬಿದ್ದರೆ ಆ ಹೆಸರಿಗೇ ಬೀಳುತ್ತದೆ, ಮಂತ್ರಿಗಲ್ಲ.

2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಗುಡ್ಡ ಜಾರಿತು. ಮರುದಿನವೇ ಕೇಂದ್ರ ಘಟ್ಟದ ಸೂಕ್ಷ್ಮ ಪ್ರದೇಶದ ಆರನೇ ಕರಡು ಅಧಿಸೂಚನೆ ಹೊರಡಿಸಿತು; ಕರ್ನಾಟಕದ ಪಾಲು 20,668 ಚದರ ಕಿ.ಮೀ. ಸೆಪ್ಟೆಂಬರಿನಲ್ಲಿ ರಾಜ್ಯ ಸಚಿವ ಸಂಪುಟ ಕಸ್ತೂರಿರಂಗನ್ ವರದಿಯನ್ನೇ ತಿರಸ್ಕರಿಸಿತು. ಆಕ್ಷೇಪಣೆ ಸಲ್ಲಿಸಲು ಊರವರಿಗೆ ಕರಡು ಕೊಟ್ಟಿದ್ದು 60 ದಿನ. ಗಾಡ್ಗೀಳರು ಮೊದಲು ಕೇಳಿ ಎಂದಿದ್ದ ಗ್ರಾಮಸಭೆ, 13 ವರ್ಷದ ಮೇಲೂ ತಕರಾರು ಅರ್ಜಿ ಬರೆಯುತ್ತ ಕೂತಿತ್ತು.