ಅಗ್ಗದ ಕಿರುಪಿಸ್ತೂಲು

ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ಸಾಮಾನ್ಯ ಗೃಹಸ್ಥನೊಬ್ಬನು ಉಡುಪಿನ ಮರೆಯಲ್ಲಿ ಪಿಸ್ತೂಲನ್ನು ಧರಿಸಿ ಪೇಟೆಬೀದಿಯಲ್ಲಿ ನಡೆದಾಡುವುದು ಅರ್ಧ ಶತಮಾನದ ಹಿಂದೆ ಅಪವಾದವೆನಿಸಿತ್ತು. 1987ರಲ್ಲಿ ಫ್ಲಾರಿಡಾ ಸಂಸ್ಥಾನದ ಶಾಸನಸಭೆಯು, ಕಾಯಿದೆಯಲ್ಲಿ ಹೇಳಿದ ಅರ್ಹತೆಗಳುಳ್ಳ ಅರ್ಜಿದಾರನಿಗೆ ಪರವಾನಗಿಯನ್ನು ನಿರಾಕರಿಸಲು ಅಧಿಕಾರಿಗೆ ಎಡೆಯಿಲ್ಲದಂತೆ ವಿಧಿಸಿದ ಮೇಲೆ ಇತರ ಸಂಸ್ಥಾನಗಳೂ ಒಂದೊಂದಾಗಿ ಅದೇ ಹಾದಿಯನ್ನು ಹಿಡಿದವು. 2022ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯವು ನ್ಯೂಯಾರ್ಕಿನ ಕಟ್ಟುನಿಟ್ಟಾದ ಕಾಯಿದೆಯನ್ನು ತಳ್ಳಿಹಾಕಿತು. ಈಗ ಅರ್ಧಕ್ಕೂ ಹೆಚ್ಚು ಸಂಸ್ಥಾನಗಳಲ್ಲಿ ಪರವಾನಗಿಯ ಹಂಗೇ ಇಲ್ಲದಾಗಿದೆ. ಈ ರೂಢಿಯು ಸಮಾಜಕ್ಕೆ ಹಿತವೋ ಅಹಿತವೋ ಎಂಬ ವಿಚಾರ ದೊಡ್ಡದು; ಅದನ್ನು ಇಲ್ಲಿ ಎತ್ತಿಕೊಳ್ಳುವುದಿಲ್ಲ. ರೂಢಿಯೊಡನೆ ಬೆಳೆದುಬಂದ ಒಂದು ವಸ್ತುವನ್ನು, ಎಂದರೆ ಇನ್ನೂರು ಮುನ್ನೂರು ಡಾಲರಿಗೆ ದೊರೆಯುವ, ಅಂಗೈಗಿಂತ ತುಸುವೇ ದೊಡ್ಡದಾದ ಪಿಸ್ತೂಲನ್ನು, ಅದು ತನ್ನ ಮೇಲೆ ಹೊರಿಸಿದ ನಂಬಿಕೆಗೆ ತಕ್ಕದ್ದೇ ಎಂದು ಪರಿಶೀಲಿಸುವುದಷ್ಟೇ ಈ ಬರಹದ ಉದ್ದೇಶ. ರಾತ್ರಿಪಾಳಿ ಮುಗಿಸಿ ಒಂಟಿಯಾಗಿ ಮನೆಗೆ ಮರಳುವ ದಾದಿ, ಹೆದ್ದಾರಿಯ ಪಕ್ಕದಲ್ಲಿ ಪೆಟ್ರೋಲು ಬಂಕನ್ನು ನಡುರಾತ್ರಿಯವರೆಗೆ ತೆರೆದಿಡುವ ವರ್ತಕ, ಇಂಥವರ ಕೈಗೆ ಎಟಕುವುದು ಇದೇ ಆದುದರಿಂದ, ಇದರ ಗುಣದೋಷಗಳ ವಿಚಾರವನ್ನು ಆಯುಧಪ್ರಿಯರ ವಿನೋದವೆಂದು ಬಿಟ್ಟುಬಿಡಲಾಗದು.

ಕೊಡಗು ಮಲೆನಾಡುಗಳ ಓದುಗರಿಗೆ ಕೋವಿ ಹೊಸ ವಸ್ತುವಲ್ಲ. ಆದರೆ ಆ ಕೋವಿ ಗೋಡೆಗೊರಗಿ ಬರಿದಾಗಿ ನಿಂತಿರುತ್ತದೆ. ತೋಟೆಗಳು ಬೇರೊಂದು ಪೆಟ್ಟಿಗೆಯಲ್ಲಿರುತ್ತವೆ. ಬೇಕಾದಾಗ ತುಂಬಿ, ಕೆಲಸ ತೀರಿದೊಡನೆ ಬರಿದುಮಾಡಿ ಇಡುವುದು ಹಿರಿಯರು ಕಲಿಸಿದ ಶಿಸ್ತು. ಮರೆಯಲ್ಲಿ ಧರಿಸುವ ಪಿಸ್ತೂಲಾದರೋ, ಬಹುಪಾಲು ಮಂದಿಯ ರೂಢಿಯಂತೆ, ನಳಿಗೆಯಲ್ಲಿ ತೋಟೆಯನ್ನು ತುಂಬಿಕೊಂಡೇ ಹಗಲೆಲ್ಲ ಮನುಷ್ಯನ ಸೊಂಟಕ್ಕೆ ಅಂಟಿಕೊಂಡಿದ್ದು, ಅವನ ಬೆವರನ್ನೂ ಬಟ್ಟೆಯ ನೂಲುದೂಳನ್ನೂ ಕುಡಿಯುತ್ತ, ಅವನು ಬಾಗಿದಾಗ ಬಾಗಿ, ಓಡಿದಾಗ ಕುಲುಕಿ, ಒಮ್ಮೊಮ್ಮೆ ಕೈಜಾರಿ ನೆಲಕ್ಕೂ ಬೀಳುತ್ತದೆ. ಆದಕಾರಣ ಅದರಿಂದ ನಾವು ಬಯಸುವ ವಿಶ್ವಾಸಕ್ಕೆ ಎರಡು ಮುಖಗಳಿವೆ: ಕುದುರೆಯನ್ನು ಎಳೆದಾಗ ಈಡು ಹಾರಲೇಬೇಕು, ಎಳೆಯದಿದ್ದಾಗ ಎಂದೆಂದಿಗೂ ಹಾರಕೂಡದು. ಪಿಸ್ತೂಲುಗಳನ್ನು ಪರೀಕ್ಷಿಸಿ ಬರೆಯುವವರಲ್ಲಿ ಹೆಚ್ಚಿನವರು ಮೊದಲನೆಯ ಮುಖವನ್ನೇ ಎಣಿಸುತ್ತಾರೆ, ಇಷ್ಟು ಗುಂಡುಗಳಲ್ಲಿ ಎಷ್ಟು ಸಲ ಸಿಕ್ಕಿಕೊಂಡಿತೆಂದು. ನನ್ನ ಮತದಲ್ಲಿ ಎರಡನೆಯದೇ ಗುರುತರವಾದದ್ದು. ಆತ್ಮರಕ್ಷಣೆಗಾಗಿ ಕುದುರೆಯನ್ನು ಎಳೆಯಬೇಕಾದ ಗಳಿಗೆ ಅನೇಕರ ಜೀವಮಾನದಲ್ಲಿ ಬರುವುದೇ ಇಲ್ಲ; ಪಿಸ್ತೂಲು ಸುಮ್ಮನಿರಬೇಕಾದ ಗಳಿಗೆಗಳು ದಿನಕ್ಕೆ ಸಾವಿರ.

ಈ ವರ್ಗದ ಪಿಸ್ತೂಲಿನ ವಂಶಾವಳಿ ಅಷ್ಟೇನೂ ಗೌರವದ್ದಲ್ಲ. ವಿದೇಶಗಳಿಂದ ಬಂದು ಬೀಳುತ್ತಿದ್ದ ಸಣ್ಣ ಅಗ್ಗದ ಪಿಸ್ತೂಲುಗಳ ಆಮದನ್ನು 1968ರ ಕಾಯಿದೆ ತಡೆಯಿತು. ಆದರೆ ಅಂಥದೇ ಪಿಸ್ತೂಲನ್ನು ದೇಶದೊಳಗೆ ತಯಾರಿಸುವುದನ್ನು ತಡೆಯಲಿಲ್ಲ. ಈ ತೆರಪನ್ನು ಕಂಡುಕೊಂಡ ಜಾರ್ಜ್ ಜೆನ್ನಿಂಗ್ಸ್ ಎಂಬಾತನು 1970ರ ಸುಮಾರಿಗೆ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ರೇವನ್ ಎಂಬ ಕಾರ್ಖಾನೆಯನ್ನು ತೆರೆದು ಎಂಪಿ-25 ಎಂಬ ಕಿಸೆಪಿಸ್ತೂಲನ್ನು ಹೊರತಂದನು. ಅನಂತರ ಅವನ ಬಂಧುಬಳಗದವರೂ ಪರಿಚಿತರೂ ಲಾಸ್ ಏಂಜಲೀಸ್ ನಗರದ ಸುತ್ತ ಜೆನ್ನಿಂಗ್ಸ್, ಬ್ರೈಕೊ, ಡೇವಿಸ್, ಲಾರ್ಸಿನ್ ಮೊದಲಾದ ಹೆಸರುಗಳಲ್ಲಿ ಇಂಥವೇ ಕಾರ್ಖಾನೆಗಳನ್ನು ಕಟ್ಟಿದರು. ವೈದ್ಯ ಗ್ಯಾರನ್ ವಿಂಟೆಮ್ಯೂಟ್ 1994ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈ ಗುಂಪಿಗೆ ‘ಬೆಂಕಿಯ ಬಳೆ’ ಎಂಬರ್ಥದ ಹೆಸರನ್ನಿತ್ತರು. ಇವುಗಳ ಚೌಕಟ್ಟನ್ನು ಉಕ್ಕಿನಿಂದ ಕಡೆಯುತ್ತಿರಲಿಲ್ಲ. ಸತುವಿಗೆ ಅಲ್ಯೂಮಿನಿಯಮ್ ಮೊದಲಾದವನ್ನು ಬೆರೆಸಿದ, ನಾನೂರು ಡಿಗ್ರಿ ಸೆಲ್ಸಿಯಸ್ ಮುಟ್ಟುವುದರೊಳಗೆ ಕರಗಿಹೋಗುವ ಝಾಮಕ್ ಎಂಬ ಮಿಶ್ರಲೋಹವನ್ನು ಅಚ್ಚಿಗೆ ಹೊಯ್ದು ಎರಕ ತೆಗೆಯುತ್ತಿದ್ದರು. ಆಟಿಕೆಗೂ ಬಾಗಿಲಿನ ಹಿಡಿಕೆಗೂ ಇದು ಉತ್ತಮವಾದ ಲೋಹ. ಮತ್ತೆ ಮತ್ತೆ ಸ್ಫೋಟದ ಹೊಡೆತ ತಿನ್ನುವ ಯಂತ್ರದಲ್ಲಿ ಅದು ಬೇಗ ಸವೆಯುತ್ತದೆ, ಬಿರಿಯುತ್ತದೆ.

ಇವುಗಳಲ್ಲಿ ಬ್ರೈಕೊ ಕಾರ್ಖಾನೆಯ ‘38’ ಎಂಬ ಮಾದರಿಯ ಕಥೆಯನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಏಕೆಂದರೆ ಮೇಲೆ ಹೇಳಿದ ಎರಡು ವಿಶ್ವಾಸಗಳು ಒಂದಕ್ಕೊಂದು ಎದುರಾಗಿ ನಿಂತದ್ದು ಅಲ್ಲಿ. 1994ರಲ್ಲಿ ಉತ್ತರ ಕ್ಯಾಲಿಫೋರ್ನಿಯಾದ ವಿಲಿಟ್ಸ್ ಎಂಬ ಊರಿನ ಮನೆಯೊಂದರಲ್ಲಿ ಇಪ್ಪತ್ತರ ಹರೆಯದ ತರುಣನೊಬ್ಬನು, ಮಕ್ಕಳಿಗೆ ಅಪಾಯವಾಗದಿರಲೆಂದೇ, ಈ ಪಿಸ್ತೂಲನ್ನು ಬರಿದುಮಾಡಲು ಹೊರಟನು. ಅದನ್ನು ಬರಿದುಮಾಡಬೇಕಾದರೆ ಸ್ಲೈಡ್ ಎಂಬ ಮೇಲ್ಭಾಗವನ್ನು ಹಿಂದಕ್ಕೆ ಎಳೆಯಬೇಕು. ಎಳೆಯಬೇಕಾದರೆ ಮೊದಲು ಸುರಕ್ಷತೆಯ ಕೀಲನ್ನು ಸರಿಸಲೇಬೇಕು. ಯಂತ್ರದ ರಚನೆಯೇ ಹಾಗಿತ್ತು. ಕೀಲನ್ನು ಸರಿಸುವಾಗ ಈಡು ಹಾರಿ, ಏಳು ವರ್ಷದ ಬಾಲಕನೊಬ್ಬನ ದವಡೆಗೆ ತಗುಲಿ, ಅವನು ಕತ್ತಿನಿಂದ ಕೆಳಕ್ಕೆ ಚಲನೆಯನ್ನು ಕಳೆದುಕೊಂಡನು. ತುಂಬುವಾಗ ತೋಟೆ ಸಿಕ್ಕಿಕೊಳ್ಳುತ್ತಿದ್ದ ದೋಷವನ್ನು ಮೂಲದಲ್ಲಿ ತಿದ್ದುವ ಬದಲು, ಕೀಲು ಸರಿಯದ ಹೊರತು ಸ್ಲೈಡು ಅಲುಗದಂತೆ ಮಾಡಿ ದೋಷವನ್ನು ಮರೆಮಾಚಿದರೆಂಬುದು ಮೊಕದ್ದಮೆಯಲ್ಲಿ ಬಾಲಕನ ಕಡೆಯವರ ವಾದವಾಗಿತ್ತು. 2003ರಲ್ಲಿ ಪಂಚರು ಹೊಣೆಯನ್ನು ಮನೆಯವರಿಗೂ ಆ ತರುಣನಿಗೂ ಹಂಚಿದರಾದರೂ, ತಯಾರಕರ ಪಕ್ಷದ ಪಾಲಿಗೆ ಬಂದ ಪರಿಹಾರವೇ ಸುಮಾರು 2.4 ಕೋಟಿ ಡಾಲರು. ಬ್ರೈಕೊ ದಿವಾಳಿಯಾಯಿತು. ಕಾರ್ಖಾನೆ ಹರಾಜಿಗೆ ಬಂದಾಗ, ಗಾಲಿಕುರ್ಚಿಯಲ್ಲೇ ಬೆಳೆದ ಆ ಹುಡುಗನು, ಅದನ್ನು ತಾನೇ ಕೊಂಡು ಉಳಿದ ಪಿಸ್ತೂಲುಗಳನ್ನೆಲ್ಲ ಕರಗಿಸಬೇಕೆಂದು ಹಣ ಕೂಡಿಸಿದನು. ಹರಾಜಿನಲ್ಲಿ ಅವನು ಸೋತನು. ಅದೇ ಕಾರ್ಖಾನೆಯ ಹಳೆಯ ಮೇಸ್ತ್ರಿಯೊಬ್ಬನು ಹೆಚ್ಚು ಬೆಲೆ ಕೂಗಿ ಕೊಂಡುಕೊಂಡನು.

ಅಗ್ಗವಾದುದೆಲ್ಲ ಹೀಗೆಯೇ ಎಂದು ತೀರ್ಮಾನಿಸುವುದು ತಪ್ಪಾದೀತು. ಓಹಾಯೊ ಸಂಸ್ಥಾನದ ಮ್ಯಾನ್ಸ್‌ಫೀಲ್ಡಿನ ಹೈ-ಪಾಯಿಂಟ್ ಸಿ-9 ಎಂಬ ಪಿಸ್ತೂಲಿನಲ್ಲಿಯೂ ಝಾಮಕ್ ಲೋಹವೇ ಇದೆ. ಆದರೆ ಅದನ್ನು ರಚಿಸಿದವರು ಲೋಹದ ದೌರ್ಬಲ್ಯವನ್ನು ಗಾತ್ರದಿಂದ ತುಂಬಿಕೊಟ್ಟಿದ್ದಾರೆ. ಸ್ಫೋಟದ ಒತ್ತಡವನ್ನು ಬೀಗದ ಏರ್ಪಾಟಿನಿಂದಲ್ಲದೆ ಸ್ಲೈಡಿನ ಭಾರದಿಂದಲೇ ತಡೆಯುವ ಸರಳ ಯಂತ್ರವದು. 9 ಮಿಲಿಮೀಟರಿನ ಬಲವಾದ ತೋಟೆಯನ್ನು ಹಾಗೆ ತಡೆಯಬೇಕಾದರೆ ಸ್ಲೈಡು ಇಟ್ಟಿಗೆಯಂತೆ ದಪ್ಪವಾಗಿರಲೇಬೇಕು. ಬರಿದಾಗಿದ್ದಾಗಲೇ ಎಂಟುನೂರು ಗ್ರಾಂ ಮೀರುವ ಈ ಪಿಸ್ತೂಲಿನಲ್ಲಿ ಅಂದವಿಲ್ಲ, ಆದರೆ ಪ್ರಾಮಾಣಿಕತೆಯಿದೆ. ಅಂಗಡಿಯ ಮೇಜಿನ ಕೆಳಗೆ ಇರಲು ಅದು ಸಲ್ಲುತ್ತದೆ. ಅಂಗಿಯ ಮರೆಯಲ್ಲಿ ಅಡಗದು.

ಅಡಗಬೇಕಾದರೆ ಕಿರಿದಾಗಬೇಕು, ಕಿರಿದಾದಷ್ಟೂ ಯಂತ್ರದ ಕೆಲಸ ಕಠಿಣವಾಗುತ್ತದೆ. ಸ್ಲೈಡು ಹಗುರವಾದರೆ ವೇಗವಾಗಿ ಹಿಂದಕ್ಕೆ ಚಿಮ್ಮುತ್ತದೆ, ಅದು ಚಲಿಸುವ ದೂರವೂ ಕಡಿಮೆ. ಆ ಅತ್ಯಲ್ಪ ಕಾಲದಲ್ಲಿ ಹಾರಿದ ತೋಟೆಯ ಖಾಲಿ ಕೊಪ್ಪು ಹೊರಬೀಳಬೇಕು, ಮ್ಯಾಗಜೀನಿನ ಸ್ಪ್ರಿಂಗು ಮುಂದಿನ ತೋಟೆಯನ್ನು ಮೇಲಕ್ಕೆ ತಳ್ಳಬೇಕು, ಮರಳಿ ಬರುವ ಸ್ಲೈಡು ಅದನ್ನು ನಳಿಗೆಗೆ ನೂಕಬೇಕು. ಯಾವೊಂದು ಹೆಜ್ಜೆ ತಡವಾದರೂ ಕೊಪ್ಪು ಬಾಗಿಲಲ್ಲೇ ಸಿಕ್ಕಿಕೊಳ್ಳುತ್ತದೆ. ಹಿಡಿದ ಮಣಿಕಟ್ಟು ಸಡಿಲವಾಗಿದ್ದರೂ ಹಾಗೆಯೇ. ಭಾರವಾದ ಪಿಸ್ತೂಲು ಕ್ಷಮಿಸುವ ತಪ್ಪನ್ನು ಹಗುರವಾದದ್ದು ಕ್ಷಮಿಸುವುದಿಲ್ಲ. ಗುರಿಯ ಮೈದಾನದಲ್ಲಿ ದುಂಡುಮೂತಿಯ ಅಗ್ಗದ ಗುಂಡನ್ನು ಸರಾಗವಾಗಿ ನುಂಗಿದ ಪಿಸ್ತೂಲೇ, ಆತ್ಮರಕ್ಷಣೆಗೆಂದು ಕೊಳ್ಳುವ ಟೊಳ್ಳುಮೂತಿಯ ಗುಂಡನ್ನು ಕೊಟ್ಟಾಗ ಗಂಟಲಿಗೆ ಸಿಕ್ಕಿಸಿಕೊಳ್ಳುವುದುಂಟು.

ಈ ಕಷ್ಟವನ್ನು ಮಿತವಾದ ಬೆಲೆಯಲ್ಲಿ ಮೊದಲು ಜಾಣತನದಿಂದ ಎದುರಿಸಿದವನು ಸ್ವೀಡನ್ನಿನಿಂದ ಬಂದು ಫ್ಲಾರಿಡಾದಲ್ಲಿ ನೆಲೆಸಿದ ಜಾರ್ಜ್ ಕೆಲ್‌ಗ್ರೆನ್. ಅವನ ಕೆಲ್-ಟೆಕ್ ಕಾರ್ಖಾನೆ 1995ರಲ್ಲಿ ಹೊರತಂದ ಪಿ-11 ಎಂಬುದು 9 ಮಿಲಿಮೀಟರಿನ ಹತ್ತು ಗುಂಡುಗಳನ್ನು ಹಿಡಿದರೂ ಬರಿದಾಗಿದ್ದಾಗ ಸುಮಾರು ನಾನೂರು ಗ್ರಾಂ ಮಾತ್ರ ತೂಗುತ್ತಿತ್ತು; ಗಟ್ಟಿಯಾದ ಪ್ಲಾಸ್ಟಿಕ್ಕಿನ ಹಿಡಿ, ಬ್ರೌನಿಂಗ್ ಪದ್ಧತಿಯಲ್ಲಿ ಓರೆಯಾಗಿ ಬೀಗ ಬಿಡಿಸಿಕೊಳ್ಳುವ ಉಕ್ಕಿನ ನಳಿಗೆ. 2008ರಲ್ಲಿ ರೂಗರ್ ಕಾರ್ಖಾನೆ ಅದೇ ಜಾಡಿನಲ್ಲಿ, ಇನ್ನೂರೆಪ್ಪತ್ತು ಗ್ರಾಮಿನ ಎಲ್‌ಸಿಪಿ ಎಂಬ ಮಾದರಿಯನ್ನು ತಂದಿತು. ಅದೇ ವರ್ಷ ಅಕ್ಟೋಬರಿನಲ್ಲಿ, ನೆಲಕ್ಕೆ ಬಿದ್ದರೆ ಈಡು ಹಾರಬಹುದೆಂದು ಕಂಡುಬಂದುದರಿಂದ ಮಾರಿದ ಪಿಸ್ತೂಲುಗಳನ್ನು ಹಿಂದಕ್ಕೆ ಕರೆಸಿ ಧರ್ಮಾರ್ಥವಾಗಿ ತಿದ್ದಿಕೊಟ್ಟಿತು. ಒಪ್ಪಿಕೊಂಡು ತಿದ್ದಿದುದು ಮೆಚ್ಚತಕ್ಕ ಮಾತು. ಪರೀಕ್ಷೆ ಮಾತ್ರ ಗ್ರಾಹಕನ ಸೊಂಟದ ಮೇಲೆ ನಡೆದಿತ್ತು.

ಬ್ರೆಜಿಲ್ ದೇಶದ ಟಾರಸ್ ಕಾರ್ಖಾನೆಯ ವಿಷಯದಲ್ಲಿ ಈ ಮಾತನ್ನು ಇನ್ನೂ ಖಂಡಿತವಾಗಿ ಹೇಳಬೇಕಾಗುತ್ತದೆ. 2013ರಲ್ಲಿ ಐಯೋವಾ ಸಂಸ್ಥಾನದ ಕೌಂಟಿ ಪೋಲೀಸಿನವನೊಬ್ಬನು ಆರೋಪಿಯನ್ನು ಬೆನ್ನಟ್ಟಿ ಓಡುತ್ತಿದ್ದಾಗ ಅವನ ಟಾರಸ್ ಪಿಸ್ತೂಲು ನೆಲಕ್ಕೆ ಬಿದ್ದು ತಾನಾಗಿ ಈಡು ಹಾರಿತು; ಪುಣ್ಯಕ್ಕೆ ಗುಂಡು ತಗುಲಿದ್ದು ಬರಿದಾದ ವಾಹನವೊಂದಕ್ಕೆ. ಅವನು ಹೂಡಿದ ಮೊಕದ್ದಮೆ 2015ರಲ್ಲಿ ರಾಜಿಯ ಹಂತಕ್ಕೆ ಬಂದಾಗ, ಅದರ ವ್ಯಾಪ್ತಿಗೆ ಒಂಬತ್ತು ಮಾದರಿಗಳ ಸುಮಾರು ಹತ್ತು ಲಕ್ಷ ಪಿಸ್ತೂಲುಗಳು ಒಳಪಟ್ಟವು. ಕಂಪನಿಯು ದೋಷವನ್ನು ಒಪ್ಪಿಕೊಳ್ಳಲಿಲ್ಲ. ಈ ಮಾದರಿಗಳ ತರುವಾಯ ಬಂದ ಜಿ2ಸಿ ಎಂಬುದು ರಾಜಿಯ ವ್ಯಾಪ್ತಿಗೆ ಸೇರಿದುದಲ್ಲ. ಹನ್ನೆರಡು ಗುಂಡುಗಳ ಮ್ಯಾಗಜೀನು, ಹೆಬ್ಬೆರಳಿಗೆ ಸಿಗುವ ಸುರಕ್ಷತೆಯ ಕೀಲು, ತೋಟೆ ಹುಸಿಹೋದರೆ ಮತ್ತೊಮ್ಮೆ ಕುದುರೆಯನ್ನೆಳೆದು ಅದೇ ತೋಟೆಯನ್ನು ಕುಟ್ಟುವ ಅನುಕೂಲ, ಇಷ್ಟನ್ನೂ ಈ ಬೆಲೆಗೆ ಕೊಟ್ಟದ್ದು ಸಾಮಾನ್ಯ ಸಾಧನೆಯಲ್ಲ. ಕುದುರೆಯ ಎಳೆತ ಉದ್ದವಾದರೂ ಅಭ್ಯಾಸದಿಂದ ಒಗ್ಗುವಂಥದು. ಆದರೂ 2023ರಲ್ಲಿ ಅದೇ ಕಾರ್ಖಾನೆಯ ಜಿಎಕ್ಸ್4 ಎಂಬ ಇನ್ನೂ ಕಿರಿದಾದ ಮಾದರಿಯಲ್ಲಿ ಕೆಲವು, ಬಿದ್ದರೆ ಹಾರಬಹುದೆಂದು ಪ್ರಕಟಣೆ ಹೊರಟಿತು. ಎಂಟು ವರ್ಷಗಳ ಹಿಂದಿನ ಪಾಠವನ್ನು ಪೂರ್ತಿಯಾಗಿ ಕಲಿತಿದ್ದರೆಂದು ಹೇಗೆ ಹೇಳೋಣ?

ಹೆಚ್ಚು ಬೆಲೆ ತೆತ್ತವನು ನಿಶ್ಚಿಂತನೆಂದೂ ಅಲ್ಲ. ಅಮೆರಿಕದ ಸೈನ್ಯವೇ ಆರಿಸಿಕೊಂಡ, ಸಿಗ್ ಕಂಪನಿಯ ಪಿ320 ಪಿಸ್ತೂಲು ಕೂಡ ಕೆಲವು ಕೋನಗಳಲ್ಲಿ ಬಿದ್ದರೆ ಹಾರುವುದೆಂದು 2017ರಲ್ಲಿ ಬಯಲಾಗಿ, ಕಂಪನಿಯು ಅದನ್ನು ತಿದ್ದಿಕೊಡಬೇಕಾಯಿತು. ದುಬಾರಿಯದು ಸಾವಿರಾರು ಪೋಲೀಸರ ಕೈಯಲ್ಲಿ ದಿನವೂ ತೇಯುತ್ತದೆ, ದೋಷ ಬೇಗ ಹೊರಬೀಳುತ್ತದೆ. ಅಗ್ಗದ್ದು ಬಡವನ ಮೇಜಿನ ಖಾನೆಯಲ್ಲಿ ವರ್ಷಗಟ್ಟಲೆ ಮಲಗಿ, ತನ್ನ ದೋಷವನ್ನು ಒಂದೇ ದಿನ, ಒಬ್ಬನಿಗೆ ಮಾತ್ರ ತೋರಿಸುತ್ತದೆ.

ಈ ಪರಿಸ್ಥಿತಿಗೆ ಕಾನೂನೂ ಕಾರಣ. ಗೃಹೋಪಯೋಗಿ ವಸ್ತುಗಳ ಸುರಕ್ಷತೆಯನ್ನು ನೋಡಿಕೊಳ್ಳಲು ಅಮೆರಿಕದ ಕೇಂದ್ರ ಸರಕಾರವು 1972ರಲ್ಲಿ ಆಯೋಗವನ್ನು ಸ್ಥಾಪಿಸಿದಾಗ ಬಂದೂಕು ಪಿಸ್ತೂಲುಗಳನ್ನು ಅದರ ಅಧಿಕಾರದಿಂದ ಹೊರಗಿಟ್ಟಿತು. ಮಗುವಿನ ತೊಟ್ಟಿಲಿಗಿರುವ ಪರೀಕ್ಷಕ ಪಿಸ್ತೂಲಿಗಿಲ್ಲ. ಆದರೆ ಕ್ಯಾಲಿಫೋರ್ನಿಯಾ ಸಂಸ್ಥಾನವು, ತನ್ನ ಮಣ್ಣಿನಲ್ಲೇ ಬೆಳೆದ ಪಿಡುಗನ್ನು ಕಂಡು, 2001ರಿಂದ ಗಟ್ಟಿಯಾದ ಪರೀಕ್ಷೆಯೊಂದನ್ನು ಜಾರಿಗೆ ತಂದಿತು: ತಯಾರಕನು ಒಪ್ಪಿಸಿದ ಮೂರು ಪಿಸ್ತೂಲುಗಳಲ್ಲಿ ಒಂದೊಂದೂ 600 ಗುಂಡುಗಳನ್ನು ಹಾರಿಸಬೇಕು, ಮೊದಲ 20ರಲ್ಲಿ ಒಮ್ಮೆಯೂ ತಡವರಿಸಬಾರದು, ಒಟ್ಟಿನಲ್ಲಿ ಆರಕ್ಕಿಂತ ಹೆಚ್ಚು ಸಲ ತಪ್ಪಬಾರದು, ಅಲ್ಲದೆ ಒಂದು ಮೀಟರಿಗಿಂತ ಒಂದು ಸೆಂಟಿಮೀಟರು ಹೆಚ್ಚಾದ ಎತ್ತರದಿಂದ ಕಾಂಕ್ರೀಟಿನ ಮೇಲೆ ಬಗೆಬಗೆಯ ಭಂಗಿಗಳಲ್ಲಿ ಕೆಡಹಿದಾಗ ಈಡು ಹಾರಬಾರದು. ಆ ಕಾಯಿದೆಗೆ ಮುಂದೆ ಸೇರಿಸಿದ ಷರತ್ತುಗಳ ಬಗೆಗೆ ವಿವಾದಗಳಿವೆ. ಈ ಮೂಲ ಪರೀಕ್ಷೆ ಮಾತ್ರ ನ್ಯಾಯವಾದದ್ದೆಂದೇ ನನ್ನ ನಿಲುವು. ಎರಡು ವಿಶ್ವಾಸಗಳನ್ನೂ ಅದು ಒಟ್ಟಿಗೆ ಅಳೆಯುತ್ತದೆ.

ಹಾಗಾದರೆ ಅಗ್ಗದ ಪಿಸ್ತೂಲಿನಲ್ಲಿ ಉಳಿತಾಯವಾದದ್ದೇನು? ಲೋಹವಲ್ಲ; ಇಂದಿನ ಜಿ2ಸಿಯಲ್ಲಿಯೂ ನಳಿಗೆ ಉಕ್ಕಿನದೇ. ಹೆಚ್ಚಿನ ಮಟ್ಟಿಗೆ ಉಳಿತಾಯವಾದದ್ದು ಪರಿಶೀಲನೆಯ ದುಡಿಮೆ: ಒಂದೊಂದನ್ನೂ ನೋಡಿ, ಒರಟನ್ನು ನಯಮಾಡಿ, ಮ್ಯಾಗಜೀನನ್ನು ಹಾಕಿ ತೆಗೆದು, ಬೀಳಿಸಿ ಪರೀಕ್ಷಿಸುವ ಮನುಷ್ಯರ ಸಮಯ. ಅದನ್ನು ಕೊಂಡವನೇ ತುಂಬಿಕೊಡಬೇಕು. ಧರಿಸುವುದಕ್ಕೆ ಮುನ್ನ ಗುರಿಯ ಮೈದಾನದಲ್ಲಿ ಕೆಲವು ನೂರು ಗುಂಡುಗಳನ್ನಾದರೂ, ಅವುಗಳಲ್ಲಿ ತಾನು ನಿಜವಾಗಿ ತುಂಬಿಕೊಳ್ಳಲಿರುವ ಬಗೆಯವೇ ಸಾಕಷ್ಟಿರುವಂತೆ, ತನ್ನ ಕೈಯಿಂದ, ತನ್ನ ಪ್ರತಿಯೊಂದು ಮ್ಯಾಗಜೀನಿನಿಂದ ಹಾರಿಸಿ ನೋಡಬೇಕು. ಇದಕ್ಕೆ ತಗಲುವ ವೆಚ್ಚ ಪಿಸ್ತೂಲಿನ ಬೆಲೆಯ ದೊಡ್ಡ ಪಾಲಾದೀತು. ಆ ಹಣವಿಲ್ಲದವನಿಗೆ ಪಿಸ್ತೂಲೂ ಎಟಕಲಿಲ್ಲವೆಂದೇ ಲೆಕ್ಕ. ಬಿದ್ದಾಗಿನ ನಡತೆಯನ್ನಾದರೋ ಮನೆಯಲ್ಲಿ ಯಾರೂ ಪರೀಕ್ಷಿಸಲಾಗದು, ಪರೀಕ್ಷಿಸಲೂ ಕೂಡದು. ಅಲ್ಲಿ ತಯಾರಕನ ಪ್ರಕಟಣೆಗಳೇ ಆಧಾರ.

ಈ ನಿಯಮಕ್ಕೆ ಒಳಪಟ್ಟು ಜಿ2ಸಿಯನ್ನು, ತಿದ್ದುಪಡಿಯಾದ ಎಲ್‌ಸಿಪಿಯನ್ನು ಧರಿಸಲು ಯೋಗ್ಯವೆಂದು ನಾನು ಒಪ್ಪುತ್ತೇನೆ. ರೇವನ್, ಜೆನ್ನಿಂಗ್ಸ್, ಬ್ರೈಕೊ, ಲಾರ್ಸಿನ್‌ಗಳ ಹಳೆಯ ಸತುವಿನ ಪಿಸ್ತೂಲುಗಳನ್ನು ಯಾವ ಬೆಲೆಗೂ ಒಪ್ಪಲಾರೆ. ಅಮೆರಿಕದಲ್ಲಿ ನೆಲೆಸಿ ಅಂಗಡಿ, ಬಂಕು, ವಸತಿಗೃಹಗಳನ್ನು ನಡೆಸುತ್ತಿರುವ ನಮ್ಮವರಲ್ಲಿ ಯಾರಾದರೂ ಹಿಂದಿನ ಮಾಲೀಕನಿಂದಲೋ ಸ್ನೇಹಿತನಿಂದಲೋ ಹಳೆಯ ಪಿಸ್ತೂಲೊಂದನ್ನು ಪಡೆದಿದ್ದರೆ, ಅವರಲ್ಲಿ ನನ್ನದೊಂದು ಬಿನ್ನಹ: ಇಂದೇ ಅದರ ಮಾದರಿಯನ್ನೂ ಕ್ರಮಸಂಖ್ಯೆಯನ್ನೂ ಬರೆದುಕೊಂಡು, ಅದು ಹಿಂದಕ್ಕೆ ಕರೆಸಿದವುಗಳಲ್ಲಿ ಸೇರಿದೆಯೇ ಎಂದು ತಯಾರಕರನ್ನು ಕೇಳಿ ತಿಳಿದುಕೊಳ್ಳಿ, ಉತ್ತರ ಬರುವ ತನಕ ಅದನ್ನು ಸೊಂಟಕ್ಕೆ ಸಿಕ್ಕಿಸಬೇಡಿ.