ಬುಡ ಸಡಿಲಾದ ಹಾಯಿಕಂಬ

ಹಳೆಯ ಲೇಸರ್ ದೋಣಿಯೊಂದು ಮಾರಾಟಕ್ಕಿದೆ ಎಂದಾಗ ಬಲ್ಲವರು ಮೊದಲು ಹಾಯಿಯನ್ನಾಗಲಿ ಹೊಳಪನ್ನಾಗಲಿ ನೋಡುವುದಿಲ್ಲ. ಒಂದು ಚೊಂಬು ನೀರು ಕೇಳುತ್ತಾರೆ. ಮುಂದಿನ ಡೆಕ್ಕಿನಲ್ಲಿ ಹಾಯಿಕಂಬ ಇಳಿಯುವ ಕುಳಿಗೆ ಅದನ್ನು ಸುರಿದು, ನೀರಿನ ಮಟ್ಟಕ್ಕೊಂದು ಗುರುತು ಹಾಕಿ ಕಾಯುತ್ತಾರೆ. ಮಟ್ಟ ಕದಲದಿದ್ದರೆ ಚೌಕಾಸಿ ಶುರುವಾಗುತ್ತದೆ. ಇಳಿಯತೊಡಗಿದರೆ ನೀರು ದೋಣಿಯ ಹೊಟ್ಟೆಗೆ ಸೋರುತ್ತಿದೆ ಎಂದರ್ಥ. ಬೆಲೆಯೂ ಅದರ ಜೊತೆಗೇ ಇಳಿಯಬೇಕು.

ಹಾಯಿದೋಣಿಯವರು ಈ ಕುಳಿಗೆ ಮಾಸ್ಟ್ ಸ್ಟೆಪ್ ಎನ್ನುತ್ತಾರೆ. ಡೆಕ್ಕಿನಿಂದ ತಳದವರೆಗೆ ಇಳಿದ ಒಂದು ಫೈಬರ್‌ಗ್ಲಾಸ್ ಕೊಳವೆ ಅದು. ಮೇಲ್ತುದಿ ಡೆಕ್ಕಿಗೆ, ಕೆಳತುದಿ ತಳಕ್ಕೆ ಅಂಟಿಕೊಂಡಿದೆ. ಆಳ ಒಂದು ಮೊಳಕ್ಕೂ ಕಡಿಮೆ. ಅದರೊಳಗೆ ನಿಲ್ಲುವ ಕಂಬ ಮಾತ್ರ ಸುಮಾರು 6 ಮೀಟರ್ ಎತ್ತರ. ಅದು ಹೊತ್ತಿರುವುದು 7.06 ಚದರ ಮೀಟರ್ ಹಾಯಿ.

1969ರಲ್ಲಿ ಕೆನಡಾದ ಕೈಗಾರಿಕಾ ವಿನ್ಯಾಸಕಾರ ಇಯಾನ್ ಬ್ರೂಸ್, ಕಾರಿನ ಮೇಲೆ ಕಟ್ಟಿಕೊಂಡು ಹೋಗಬಹುದಾದ ಒಂದು ದೋಣಿ ಬೇಕೆಂದು ದೋಣಿ ವಿನ್ಯಾಸಕಾರ ಬ್ರೂಸ್ ಕರ್ಬಿಗೆ ಫೋನ್ ಮಾಡಿದರು. ಮಾತಾಡುತ್ತಲೇ ಕರ್ಬಿ ಗೀಚಿದ ಚಿತ್ರ ಮುಂದೆ ಲೇಸರ್ ಆಯಿತು. 1971ರಲ್ಲಿ ಮಾರುಕಟ್ಟೆಗೆ ಬಂತು, 1996ರ ಅಟ್ಲಾಂಟಾದಲ್ಲಿ ಒಲಿಂಪಿಕ್ಸ್‌ಗೂ ಇಳಿಯಿತು. ಈಗ ಅದರ ಅಧಿಕೃತ ಹೆಸರು ಐಎಲ್‌ಸಿಎ. ದೋಣಿ ಇಷ್ಟು ಹಗುರ, ಇಷ್ಟು ಸರಳ ಆಗಿರುವುದಕ್ಕೆ ಒಂದು ಮುಖ್ಯ ಕಾರಣವೆಂದರೆ ಕಂಬವನ್ನು ಎಳೆದು ಹಿಡಿಯುವ ತಂತಿಗಳೇ ಇದಕ್ಕಿಲ್ಲ. ಎರಡು ತುಂಡು ಕೊಳವೆ ಜೋಡಿಸಿ, ಹಾಯಿಯ ತೋಳಿನೊಳಗೆ ತೂರಿಸಿ, ಕುಳಿಗೆ ಇಳಿಸಿದರೆ ಮುಗಿಯಿತು.

ತಂತಿಗಳು ಹೊರಬೇಕಿದ್ದ ಭಾರವೆಲ್ಲ ಈಗ ಆ ಕುಳಿಯ ಪಾಲು. ಗಾಳಿ ಮೇಲೆ ಕಂಬವನ್ನು ಒಂದು ಕಡೆಗೆ ತಳ್ಳಿದರೆ ಡೆಕ್ಕಿನ ಅಂಚೇ ಆನಿಕೆಯಾಗಿ, ಕಂಬದ ಬುಡ ತಳದಲ್ಲಿ ಎದುರು ದಿಕ್ಕಿಗೆ ಒದೆಯುತ್ತದೆ. ಮೇಲಿನ ತೋಳು ಉದ್ದ, ಕೆಳಗಿನದು ಗಿಡ್ಡ. ಹಾಗಾಗಿ ಒದೆತದ ಬಲ ಗಾಳಿಯ ಬಲದ ಹಲವು ಪಟ್ಟು. ದೋಣಿ ಮಗುಚಿ ಕಂಬದ ತುದಿ ಕೆಸರಿಗೆ ಹೂತರೆ ಇನ್ನೂ ಕಷ್ಟ, ಎತ್ತುವವರ ಬಲವೆಲ್ಲ ಅದೇ ಬುಡದ ಮೇಲೆ ಬೀಳುತ್ತದೆ. ಇಷ್ಟು ಸಾಲದೆಂಬಂತೆ ಹಾಯಿ ತಿರುಗಿದಾಗಲೆಲ್ಲ ಕಂಬವೂ ಕುಳಿಯಲ್ಲಿ ತಿರುಗುತ್ತದೆ. ದಡದ ಮರಳು ನಾಲ್ಕು ಹರಳು ಒಳಗೆ ಸೇರಿದರೂ ರುಬ್ಬುವ ಕಲ್ಲಿನ ಕೆಲಸ ಶುರು. ವರ್ಷಗಟ್ಟಲೆ ಹೀಗೆ ಸವೆದು ಕೊಳವೆಯ ತಳ ತೂತಾಗುತ್ತದೆ.

ರೋಗ ಹೀಗೆ ಮೂರು ಬಗೆ: ತಳ ಸವೆದು ತೂತಾಗುವುದು, ಕೊಳವೆಯ ಬುಡ ತಳದಿಂದ ಬಿಟ್ಟುಕೊಳ್ಳುವುದು, ಡೆಕ್ಕಿನ ಅಂಚು ಸೀಳುವುದು. ಕಣ್ಣಿಗೆ ಬೀಳುವುದು ಮೂರನೆಯದು ಮಾತ್ರ. ಅದಕ್ಕೇ ಹೆಚ್ಚಿನವರು ಮೇಲಿನ ಬಿರುಕಿಗೆ ಪುಟ್ಟಿ ಮೆತ್ತಿ ನೀರಿಗಿಳಿಯುತ್ತಾರೆ. ಬುಡ ಸಡಿಲಾಗಿರುವಾಗ ಆ ಬಿರುಕು ಮತ್ತೆ ಬಾಯಿ ಬಿಡುವುದು ಖಚಿತ. ಜೋರು ಗಾಳಿಯ ದಿನ ಕಂಬ ಡೆಕ್ಕನ್ನೇ ಸಿಗಿದುಕೊಂಡು ಹೊರಬಂದರೂ ಆಶ್ಚರ್ಯವಿಲ್ಲ. ಕಂಬದ ಕೆಳತುಂಡನ್ನು ಕುಳಿಗಿಳಿಸಿ ಹಿಂದೆ ಮುಂದೆ ಅಲುಗಿಸಿ, ಕಿವಿಗೊಟ್ಟರೆ ಗೊತ್ತಾಗುತ್ತದೆ. ತಳದಿಂದ ಕಿರುಗುಟ್ಟುವ ಸದ್ದು ಬಂದರೆ ಅಂಟು ಬಿಟ್ಟಿದೆ.

ಆಮೇಲಿನ ಹೆಜ್ಜೆಗೆ ಧೈರ್ಯ ಬೇಕು: ಚೆನ್ನಾಗಿರುವ ಡೆಕ್ಕನ್ನು ಕೊರೆಯಬೇಕು. ಲೇಸರಿನ ಡೆಕ್ಕು, ತಳ ಎರಡನ್ನೂ ಬೇರೆ ಬೇರೆ ಅಚ್ಚಿನಲ್ಲಿ ತಯಾರಿಸಿ ಅಂಚಿಗೆ ಅಂಟಿಸಿರುತ್ತಾರೆ. ಒಳಗೆ ಕೈ ಹಾಕಲು ದಾರಿಯೇ ಇಲ್ಲ. ಕುಳಿಯ ಪಕ್ಕದಲ್ಲಿ, ತೋಳು ಬುಡಕ್ಕೆ ಎಟುಕುವ ಕಡೆ, ಸುಮಾರು 15 ಸೆಂ.ಮೀ. ಅಗಲದ ದುಂಡನೆಯ ಕಂಡಿ ಕೊರೆದು ತಿರುಪಿನ ಮುಚ್ಚಳ ಕೂರಿಸುತ್ತಾರೆ. ಸ್ಪರ್ಧೆಯ ನಿಯಮವೂ ಇದಕ್ಕೆ ಅಡ್ಡಿ ಮಾಡುವುದಿಲ್ಲ.

ಒಳಗೆ ಮೊದಲು ಒಣಗಬೇಕು. ಮಳೆಗಾಲದಲ್ಲಿ ಇದಕ್ಕೇ ದಿನಗಳು ಹಿಡಿಯುತ್ತವೆ. ಫ್ಯಾನಿನ ಗಾಳಿ ಬಿಡುವುದೊಂದೇ ಉಪಾಯ. ಆಮೇಲೆ ಕೊಳವೆಯ ಬುಡವನ್ನೂ ಸುತ್ತಲಿನ ತಳವನ್ನೂ ಉಜ್ಜಿ ಒರಟು ಮಾಡಿ, ಧೂಳು ತೆಗೆದು, ಅಸಿಟೋನ್ ಬಟ್ಟೆಯಿಂದ ಒರೆಸಬೇಕು. ಗಾಜಿನ ನಾರಿನ ಧೂಳು ಶ್ವಾಸಕೋಶಕ್ಕೆ ಹೋಗಬಾರದು, ಮಾಸ್ಕ್ ಕಡ್ಡಾಯ.

ಬುಡವನ್ನು ಮತ್ತೆ ಅಂಟಿಸುವುದು ಎಪಾಕ್ಸಿಯಿಂದ. ಇಲ್ಲೊಂದು ತಕರಾರು ಏಳುತ್ತದೆ. ಮಂಗಳೂರು, ಮಲ್ಪೆ ಕಡೆಯ ಫೈಬರ್ ದೋಣಿಗಳಿಗೆ ಪಾಲಿಯೆಸ್ಟರ್ ರೆಸಿನ್ನೂ ಗಾಜಿನ ನಾರಿನ ಮ್ಯಾಟೂ ಸಾಕಾಗಿರುವಾಗ ಇದಕ್ಕೇಕೆ ದುಬಾರಿ ಎಪಾಕ್ಸಿ? ದೋಣಿ ಹೊಸದಾಗಿ ಕಟ್ಟುವಾಗ ಪಾಲಿಯೆಸ್ಟರ್ ಪದರಗಳು ಹಸಿಯಿದ್ದಂತೆಯೇ ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಹಳೆಯ, ಪೂರ್ತಿ ಗಟ್ಟಿಯಾದ ಮೈಗೆ ಅದರ ಹಿಡಿತ ಅಷ್ಟಕ್ಕಷ್ಟೇ. ಅಲ್ಲಿ ಎಪಾಕ್ಸಿ ಗೆಲ್ಲುತ್ತದೆ. ಆದರೆ ಎಪಾಕ್ಸಿ ಜೊತೆ ಮಾಮೂಲಿ ಮ್ಯಾಟ್ ಹಾಕಬಾರದು. ಅದರ ಎಳೆಗಳನ್ನು ಹಿಡಿದಿಟ್ಟ ಅಂಟು ಪಾಲಿಯೆಸ್ಟರಿನಲ್ಲಿರುವ ಸ್ಟೈರೀನಿನಲ್ಲಿ ಕರಗುವಂಥದು, ಎಪಾಕ್ಸಿಯಲ್ಲಿ ಸ್ಟೈರೀನ್ ಇಲ್ಲ. ನೇಯ್ದ ಗಾಜಿನ ಬಟ್ಟೆಯೇ ಬೇಕು.

ಸಿಲಿಕಾ ಪುಡಿ ಬೆರೆಸಿ ಮಂದ ಮಾಡಿದ ಎಪಾಕ್ಸಿಯನ್ನು ಬುಡದ ಸುತ್ತ ತುಂಬಿ ಮೂಲೆಯನ್ನು ದುಂಡಗೆ ಮಾಡಬೇಕು. ಚೂಪು ಮೂಲೆಗೆ ಗಾಜಿನ ಬಟ್ಟೆ ಕೂರುವುದಿಲ್ಲ. ಅದರ ಮೇಲೆ ಕೊಳವೆಯನ್ನೂ ತಳವನ್ನೂ ಅಪ್ಪುವಂತೆ, ಒಂದಕ್ಕಿಂತ ಒಂದು ಅಗಲವಾಗಿ, ಪಟ್ಟಿಗಳನ್ನು ಹೊದಿಸಬೇಕು. ಬೇಸಿಗೆಯ ಸೆಖೆಗೆ ಡಬ್ಬಿಯಲ್ಲೇ ಎಪಾಕ್ಸಿ ಬಿಸಿಯಾಗಿ ಹೊಗೆಯಾಡೀತು, ಸ್ವಲ್ಪ ಸ್ವಲ್ಪವೇ ಕಲಸಿಕೊಳ್ಳುವುದು ಕ್ಷೇಮ. ಕೊಳವೆಯ ತಳ ತೂತಾಗಿದ್ದರೆ ಎಪಾಕ್ಸಿಯಲ್ಲಿ ನೆನೆಸಿದ ದುಂಡು ಬಟ್ಟೆಯನ್ನು ಮೇಲಿನಿಂದಲೇ ಇಳಿಸಿ ಕೂರಿಸಬಹುದು. ಅದು ಗಟ್ಟಿಯಾದ ಮೇಲೆ ಸವೆತ ತಡೆಯಲು ತೆಳುವಾದ ಬಿಲ್ಲೆಯೊಂದನ್ನು ಹಾಕಿಡುತ್ತಾರೆ.

ಅಂಟು ಗಟ್ಟಿಯಾಗುವಾಗ ಕಂಬ ಹಿಂದಕ್ಕೆ ವಾಲುವ ಕೋನ ತಪ್ಪಬಾರದು. ಕಂಬಕ್ಕೆ ಪ್ಲಾಸ್ಟಿಕ್ ಹಾಳೆ ಸುತ್ತಿ ಕುಳಿಯಲ್ಲಿ ನಿಲ್ಲಿಸಿ, ತುದಿಯಿಂದ ಹಿಂಬದಿಯ ಅಂಚಿಗೆ ಟೇಪು ಹಿಡಿದು ಇನ್ನೊಂದು ಲೇಸರಿನ ಅಳತೆಗೆ ಹೋಲಿಸುತ್ತಾರೆ. ಒಂದೇ ಅಚ್ಚಿನ ದೋಣಿಗಳ ಪಂದ್ಯದಲ್ಲಿ ಈ ಕೋನವನ್ನು ಬದಲಿಸುವುದು ನಿಯಮಭಂಗ. ಐಎಲ್‌ಸಿಎ 4, 6, 7 ಎಂಬ ಮೂರೂ ಮಾದರಿಗಳಿಗೆ ಒಡಲು ಒಂದೇ, ಕಂಬದ ಕೆಳತುಂಡು ಮತ್ತು ಹಾಯಿ ಮಾತ್ರ ಬೇರೆ. 2023ರ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತದ ನೇಹಾ ಠಾಕೂರ್ ಬೆಳ್ಳಿ ಗೆದ್ದದ್ದು 4ರಲ್ಲಿ, ವಿಷ್ಣು ಸರವಣನ್ ಕಂಚು ಗೆದ್ದದ್ದು 7ರಲ್ಲಿ. ಇಬ್ಬರ ಕಂಬವೂ ನಿಂತದ್ದು ಇದೇ ಅಳತೆಯ ಕುಳಿಯಲ್ಲಿ. ಬೆಂಗಳೂರಿನ ಹಲಸೂರು ಕೆರೆಯಲ್ಲಿ ಹಾಯಿ ಬಿಚ್ಚುವ ಸೇನೆಯ ತೃಷ್ಣಾ ಕ್ಲಬ್ಬಿನವರಿಗೂ ಈ ಕುಳಿ ಅಪರಿಚಿತವಲ್ಲ.

ಡೆಕ್ಕಿನ ಬಿರುಕಿಗೆ ಕೈಯಿಡುವುದು ಕೊನೆಗೆ. ಬಿರುಕಿನ ಅಂಚನ್ನು ಅಲ್ಲಿನ ದಪ್ಪದ 12 ಪಟ್ಟು ಅಗಲಕ್ಕೆ ಇಳಿಜಾರಾಗಿ ಉಜ್ಜಿ ಗಾಜಿನ ಬಟ್ಟೆ ಹೊದಿಸಬೇಕು, 2 ಮಿ.ಮೀ. ದಪ್ಪಕ್ಕೆ 24 ಮಿ.ಮೀ. ಇಷ್ಟಾದ ಮೇಲೆ ಬಿಸಿಲಿಗೆ ಹಳದಿಗಟ್ಟಿದ ಹಳೆಯ ಬಿಳುಪಿಗೆ ಹೊಸ ಜೆಲ್‌ಕೋಟ್ ಎಂಬ ಹೊರಲೇಪವನ್ನು ಹೊಂದಿಸುವುದೇ ತಲೆನೋವು. ಹಲವರು ಹೊಂದಿಸುವ ಗೋಜಿಗೇ ಹೋಗುವುದಿಲ್ಲ.

ಕೊರೆದ ಕಂಡಿ ಮಾತ್ರ ಉಳಿಯುತ್ತದೆ. ದಡ ಸೇರಿದ ಮೇಲೆ ಮುಚ್ಚಳ ತೆಗೆದು ಒಳಗೆ ಗಾಳಿಯಾಡಿಸಬಹುದು, ಕೈ ಇಳಿಸಿ ಬುಡ ಸವರಿ ನೋಡಬಹುದು. ನೀರಿಗೆ ತಳ್ಳುವ ಮುನ್ನ ಮುಚ್ಚಳವನ್ನು ಬಿಗಿಯಾಗಿ ತಿರುಗಿಸಿದೆಯೇ ಎಂದು ಇನ್ನೊಮ್ಮೆ ನೋಡಿಕೊಳ್ಳಬೇಕು, ಅಷ್ಟೇ.