ಇವ್ರಿಯ ಬೀದಿಗಳಲ್ಲಿ ದೇವರ ನಾಮ: ಮದಲೇನ್ ದೆಲ್‌ಬ್ರೆಲ್ ಅವರ ಕೃತಿಯ ಮರುಓದು

ವಿಶ್ವಾಸವಿಲ್ಲದವರ ನಡುವೆ ಶುಭಸಂದೇಶವನ್ನು ಸಾರುವ ಬಗೆ ಯಾವುದು ಎಂಬ ಚರ್ಚೆ ಎದ್ದಾಗಲೆಲ್ಲ ನಮ್ಮ ಗುರುಮಠಗಳಲ್ಲಿ ಮದಲೇನ್ ದೆಲ್‌ಬ್ರೆಲ್ ಅವರ ಹೆಸರು ಈಚೆಗೆ ಕೇಳಿಬರುತ್ತಿದೆ. 2018ರಲ್ಲಿ ಜಗದ್ಗುರು ಫ್ರಾನ್ಸಿಸರ ಒಪ್ಪಿಗೆಯೊಂದಿಗೆ ಆಕೆ ಪೂಜ್ಯರೆಂದು ಘೋಷಿತರಾದ ಮೇಲಂತೂ ಈ ಉಲ್ಲೇಖ ಹೆಚ್ಚಿದೆ. ಆದರೆ ಉಲ್ಲೇಖಿಸುವವರು ಆಕೆಯಿಂದ ಕಲಿತದ್ದಾಗಿ ಹೇಳುವ ಪಾಠ ಸಾಮಾನ್ಯವಾಗಿ ಒಂದೇ: ನೆರೆಹೊರೆಯವರೊಡನೆ ಸುಮ್ಮನೆ ಬಾಳಿರಿ, ಸೇವೆ ಮಾಡಿರಿ, ಮಾತು ಬೇಡ. 1957ರಲ್ಲಿ ಪ್ರಕಟವಾದ ಆಕೆಯ ಕೃತಿಯನ್ನು ಕೈಗೆತ್ತಿಕೊಂಡವರಿಗೆ ಈ ಪಾಠ ಅದರಲ್ಲಿ ದೊರೆಯುವುದಿಲ್ಲ. 'ಮಾರ್ಕ್ಸ್‌ವಾದಿ ನಗರ, ಧರ್ಮಪ್ರಚಾರದ ನೆಲ' ಎಂದು ಅದರ ಹೆಸರನ್ನು ಕನ್ನಡಿಸಬಹುದು. ಆ ಕೃತಿ ಮೌನದ ಸಮರ್ಥನೆಯಲ್ಲ ಎಂಬುದೇ ಇಲ್ಲಿ ನಮ್ಮ ವಾದ.

ಲೇಖಕಿಯ ಬದುಕನ್ನು ಬಿಟ್ಟು ಈ ಕೃತಿಯನ್ನು ತೂಗಲಾಗದು. 1904ರಲ್ಲಿ ಹುಟ್ಟಿದ ಆಕೆ ಹರೆಯದಲ್ಲೇ ನಾಸ್ತಿಕರಾಗಿದ್ದವರು. ಹದಿನೇಳರ ವಯಸ್ಸಿನಲ್ಲಿ ದೇವರ ಸಾವನ್ನು ಕುರಿತು ಕಟುವಾದ ಬರಹವೊಂದನ್ನು ಬರೆದವರು. ವಿಶ್ವಾಸಿಗಳಾದ ಗೆಳೆಯರ ಒಡನಾಟ ಆಕೆಯನ್ನು ಕದಲಿಸಿತು. ದೇವರಿಲ್ಲ ಎಂಬುದು ಇನ್ನು ಖಚಿತವಲ್ಲ ಎಂದಾದ ಮೇಲೆ ಅವನಿಲ್ಲವೆಂಬಂತೆ ಬದುಕುವುದು ಪ್ರಾಮಾಣಿಕವಲ್ಲ ಎಂದು ಬಗೆದು ಆಕೆ ಮೊಣಕಾಲೂರಿದರು. 1924ರಲ್ಲಿ ಪರಿವರ್ತನೆಯಾಯಿತು. ಅವಿಶ್ವಾಸವನ್ನು ಹೊರಗಿನಿಂದ ನೋಡಿ ಬರೆದವರಿಗೂ ಅದರೊಳಗೆ ವಾಸಿಸಿ ಬಂದವರಿಗೂ ಇರುವ ಅಂತರ ಈ ಪುಸ್ತಕದ ಪುಟಪುಟದಲ್ಲೂ ಕಾಣುತ್ತದೆ. ನಾಸ್ತಿಕನನ್ನು ಆಕೆ ಮೂರ್ಖನೆಂದೂ ದುಷ್ಟನೆಂದೂ ಎಂದಿಗೂ ಚಿತ್ರಿಸುವುದಿಲ್ಲ.

1933ರಲ್ಲಿ ಇಬ್ಬರು ಸಂಗಾತಿಗಳೊಡನೆ ಆಕೆ ನೆಲಸಿದ ಇವ್ರಿ, ಪ್ಯಾರಿಸ್ಸಿಗೆ ಅಂಟಿಕೊಂಡ, ಕಾರ್ಖಾನೆಗಳಿಂದ ತುಂಬಿದ ಪಟ್ಟಣ. ಪುರಸಭೆ ಕಮ್ಯೂನಿಸ್ಟರದು, ಪಕ್ಷದ ನಾಯಕ ಮೊರಿಸ್ ಥೋರೇಝ್ ಅಲ್ಲಿಂದಲೇ ಸಂಸತ್ತಿಗೆ ಆಯ್ಕೆಯಾಗಿದ್ದರು. ಅದೇ ಥೋರೇಝ್ 1936ರಲ್ಲಿ ಕಥೋಲಿಕರತ್ತ ಸಹಕಾರದ ಹಸ್ತ ಚಾಚಿದರು. ಮರುವರ್ಷವೇ ಜಗದ್ಗುರು ಹನ್ನೊಂದನೆಯ ಪಯಸ್ಸರ ವಿಶ್ವಪತ್ರ ನಾಸ್ತಿಕ ಕಮ್ಯೂನಿಸಮ್ಮನ್ನು ಖಂಡಿಸಿತು. ಸಮಾಜಸೇವಕಿಯಾಗಿ ದುಡಿಯುತ್ತಿದ್ದ ಆಕೆಗೆ ಇದು ಬರಿಯ ಸಿದ್ಧಾಂತದ ಜಗಳವಾಗಿರಲಿಲ್ಲ. ಬಡವರ ಪರವಾಗಿ ನಿಂತವರು ಕಮ್ಯೂನಿಸ್ಟರೆಂಬುದನ್ನು ಕಣ್ಣಾರೆ ಕಂಡ ಆಕೆ ಪಕ್ಷವನ್ನು ಸೇರುವ ಸೆಳೆತಕ್ಕೆ ಒಳಗಾದರು, ಲೆನಿನ್ನನ ಬರಹಗಳನ್ನು ಓದಿದರು, ಅದರ ಪಕ್ಕದಲ್ಲೇ ಶುಭಸಂದೇಶವನ್ನೂ ಇಟ್ಟುಕೊಂಡು ಓದಿದರು. ಒಬ್ಬರನ್ನು ಪ್ರೀತಿಸಲು ಮತ್ತೊಬ್ಬರನ್ನು ದ್ವೇಷಿಸಬೇಕೆಂಬ ಷರತ್ತು, ದೇವರನ್ನು ತೊರೆಯಬೇಕೆಂಬ ಷರತ್ತು, ಇವೆರಡೂ ಆಕೆಯನ್ನು ತಡೆದವು. ಆದರೆ ಪಕ್ಷವನ್ನು ನಿರಾಕರಿಸಿದ್ದಕ್ಕಾಗಿ ಪಕ್ಷದವರನ್ನು ಆಕೆ ತೊರೆಯಲಿಲ್ಲ. ವಿಮೋಚನೆಯ ತರುವಾಯ ಮರಳಿದ ಕಮ್ಯೂನಿಸ್ಟ್ ಆಡಳಿತವೂ ಆಕೆಯನ್ನು ಕೆಲಸದಲ್ಲಿ ಉಳಿಸಿಕೊಂಡಿತು. 1946ರಲ್ಲಿ ಆಕೆಯೇ ಆ ಹುದ್ದೆಯನ್ನು ಬಿಟ್ಟರು, ಇವ್ರಿಯನ್ನು ಮಾತ್ರ ಬಿಡಲಿಲ್ಲ.

ಕೃತಿಯ ಶ್ರೇಷ್ಠ ಭಾಗ ಯಾವುದೆಂದು ಕೇಳಿದರೆ ನಾವು ಮಾರ್ಕ್ಸ್‌ವಾದದ ವಿಶ್ಲೇಷಣೆಯನ್ನು ತೋರಿಸುವುದಿಲ್ಲ. ನಾಸ್ತಿಕ ನಗರವು ಕ್ರೈಸ್ತನಿಗೇ ಏನು ಮಾಡುತ್ತದೆ ಎಂಬ ಪರಿಶೀಲನೆಯನ್ನು ತೋರಿಸುತ್ತೇವೆ. ಕ್ರೈಸ್ತ ಮನೆತನ, ಕ್ರೈಸ್ತ ಕೇರಿ, ಕ್ರೈಸ್ತ ಶಾಲೆ, ಇವು ನಮಗೆ ಒಂದು ಮನೋಧರ್ಮವನ್ನು ಕೊಡುತ್ತವೆ. ಆ ಮನೋಧರ್ಮವನ್ನೇ ವಿಶ್ವಾಸವೆಂದು ನಾವು ತಿಳಿದುಬಿಡುತ್ತೇವೆ. ಪಿತ್ರಾರ್ಜಿತ ಆಸ್ತಿಯಂತೆ ಬಂದದ್ದನ್ನು ಯಾರೂ ಕೃಪೆಯೆಂದು ಭಾವಿಸುವುದಿಲ್ಲ. ದೇವರ ಹೆಸರು ಯಾರ ಬಾಯಲ್ಲೂ ಬರದ ಊರಿನಲ್ಲಿ ಈ ಆಸರೆಗಳೆಲ್ಲ ಕಳಚುತ್ತವೆ. ಅಲ್ಲಿ ಎರಡೇ ದಾರಿ: ವಿಶ್ವಾಸ ಸೊರಗಿ ಹೋಗುತ್ತದೆ, ಇಲ್ಲವೇ ಅದು ಅನರ್ಹರಿಗೆ ದೊರೆತ ವರವೆಂದು ಮೊದಲ ಬಾರಿಗೆ ಅರಿವಾಗುತ್ತದೆ. ವರವೆಂದು ಅರಿತವನಿಗೆ ಅದು ಸಿಗದವನ ಮೇಲೆ ಕೋಪ ಬರಲಾರದು. ಅದನ್ನು ಹಂಚದೆ ಇರಲೂ ಆಗದು. ಧೈರ್ಯವೂ ಪ್ರೀತಿಯೂ ಒಂದೇ ಬೇರಿನಿಂದ ಹುಟ್ಟುವುದು ಹೀಗೆ. ಇವೆರಡನ್ನೂ ತಕ್ಕಡಿಯ ಎರಡು ತಟ್ಟೆಗಳಂತೆ ಸರಿದೂಗಿಸಬೇಕೆಂದು ನಾವು ಗುರುಮಠದಲ್ಲಿ ಕಲಿಸುವ ಕ್ರಮಕ್ಕಿಂತ ಇದು ಆಳವಾದ ದೈವಶಾಸ್ತ್ರ.

ಹಾಗಾದರೆ ಆಕೆಯನ್ನು ಮೌನದ ಪೋಷಕಿಯನ್ನಾಗಿ ಮಾಡಿದವರು ಯಾರು? ಒಂದು ಕಾರಣ ಕಾಲದ್ದು. ಫ್ರಾನ್ಸ್ ಧರ್ಮಪ್ರಚಾರದ ದೇಶವೇ ಎಂದು ಕೇಳಿದ ಗೊದಾಂ ಮತ್ತು ದಾನಿಯೇಲ್ ಎಂಬ ಇಬ್ಬರು ಗುರುಗಳ ಪುಸ್ತಕ 1943ರಲ್ಲಿ ಬಂದಿತು. ಕಾರ್ಡಿನಲ್ ಸುಹಾರ್ ಅವರ ಪ್ರೋತ್ಸಾಹದಲ್ಲಿ ಯಾಜಕರು ಕಾರ್ಖಾನೆಗಳಿಗೆ ಇಳಿದರು. 1954ರಲ್ಲಿ ರೋಮ್ ಆ ಪ್ರಯೋಗವನ್ನು ನಿಲ್ಲಿಸಿತು. ಕಾರ್ಮಿಕರ ನಡುವೆ ಇರುವುದೇ ಸುವಾರ್ತೆ ಎಂಬ ಮಾತು ಆ ಗಾಯದ ಸುತ್ತ ಬಲಿಯಿತು. ದೆಲ್‌ಬ್ರೆಲ್ ಆ ಯಾಜಕರನ್ನು ಆಪ್ತವಾಗಿ ಬಲ್ಲವರು. ಬಿಕ್ಕಟ್ಟು ಬಿಗಿಯಾಗುತ್ತಿದ್ದ 1952ರ ಆಗಸ್ಟ್‌ನಲ್ಲಿ ಆಕೆ ರೋಮಿಗೆ ರೈಲಿನಲ್ಲಿ ಹೋಗಿ, ಒಂದು ಹಗಲು ಸಂತ ಪೇತ್ರರ ಮಹಾದೇವಾಲಯದಲ್ಲಿ ಪ್ರಾರ್ಥಿಸಿ ಹಿಂದಿರುಗಿದರು. ಧರ್ಮಸಭೆಯಿಂದ ಕಳಚಿಕೊಂಡ ಸಾಕ್ಷ್ಯ ಆಕೆಗೆ ಸಾಕ್ಷ್ಯವೇ ಅಲ್ಲ. ಹೆಸರಿಲ್ಲದ ಸಾಕ್ಷ್ಯವೂ ಅಲ್ಲ: ನೆರೆಯವನನ್ನು ಪ್ರೀತಿಸುತ್ತೇನೆಂದು ಹೇಳಿ, ನನ್ನ ಬಾಳಿನ ಏಕೈಕ ನಿಧಿಯನ್ನು ಅವನಿಂದ ಬಚ್ಚಿಟ್ಟರೆ ಅದು ಎಂಥ ಪ್ರೀತಿ ಎಂಬುದು ಆಕೆಯ ತರ್ಕ.

ಇನ್ನೊಂದು ಕಾರಣ ನಮ್ಮದೇ. ಮಾತುಗಳು ಬೇಕೇಬೇಕಾದಾಗ ಮಾತ್ರ ಬಳಸಿ ಸಾರಬೇಕೆಂಬ ಉಪದೇಶವನ್ನು ಅಸ್ಸಿಸಿಯ ಸಂತ ಫ್ರಾನ್ಸಿಸರ ಹೆಸರಿನಲ್ಲಿ ಎಷ್ಟು ಪ್ರಬೋಧನೆಗಳಲ್ಲಿ ಕೇಳಿಲ್ಲ! ಆ ವಾಕ್ಯ ಅವರ ಬರಹಗಳಲ್ಲಿಲ್ಲ. ಅವರಾದರೋ ಊರೂರು ಅಲೆದು ಬಾಯ್ತುಂಬ ಬೋಧಿಸಿದವರು. ಅಂಜಿಕೆಗೆ ವಿನಯದ ಅಂಗಿ ತೊಡಿಸುವುದು ಸುಲಭ. ಅತ್ಯುತ್ತಮ ಸಾಕ್ಷ್ಯವೂ ವಿವರಣೆಯಿಲ್ಲದೆ ಕೊನೆಗೆ ನಿಷ್ಫಲವಾಗುತ್ತದೆಂದು ಜಗದ್ಗುರು ಆರನೆಯ ಪೌಲರು 1975ರ ತಮ್ಮ ಪ್ರೇಷಿತ ಬೋಧನೆಯಲ್ಲಿ ಎಚ್ಚರಿಸಿದ್ದರು. ಹಾಗೆಂದು ದೆಲ್‌ಬ್ರೆಲ್ ಗದ್ದಲದ ವಾದಕಲೆಯನ್ನು ಕಲಿಸುವುದಿಲ್ಲ. ಪಕ್ಷದ ಪ್ರಚಾರಕನಿಗೆ ಸದಸ್ಯರು ಬೇಕು. ಕ್ರೈಸ್ತನಿಗೆ ಎದುರಿನ ವ್ಯಕ್ತಿಯೇ ಮುಖ್ಯ. ಪಕ್ಷದ ಶಿಸ್ತು, ಅಧ್ಯಯನ, ಒಗ್ಗಟ್ಟುಗಳನ್ನು ಮೆಚ್ಚುತ್ತಲೇ ಅದರ ವಿಧಾನವನ್ನು ಅನುಕರಿಸಬೇಡಿರೆಂದು ಆಕೆ ಹೇಳುವಲ್ಲಿ ನಮ್ಮ ಇಂದಿನ ಪ್ರಚಾರಪ್ರಿಯರಿಗೂ ಪಾಠವುಂಟು. ಆಕೆ ಒತ್ತಿ ಹೇಳುವುದು ಹೃದಯದ ಒಳ್ಳೆಯತನವನ್ನು: ಪ್ರತಿಫಲದ ಲೆಕ್ಕವಿಲ್ಲದ, ಎದುರಾದ ಪ್ರತಿಯೊಬ್ಬರನ್ನೂ ಒಬ್ಬನೇ ಒಬ್ಬನೆಂಬಂತೆ ಕಾಣುವ ಒಳ್ಳೆಯತನ. ಅದಿದ್ದಲ್ಲಿ ದೇವರ ಮಾತು ಆಕ್ರಮಣವಾಗಿ ಕೇಳಿಸುವುದಿಲ್ಲ.

ಕೃತಿಗೆ ಕೊರತೆಗಳೂ ಇವೆ. ಇದು ಕ್ರಮಬದ್ಧವಾದ ದೈವಶಾಸ್ತ್ರ ಗ್ರಂಥವಲ್ಲ; ಅನುಭವದಿಂದೆದ್ದ ಚಿಂತನೆ ಹಲವು ಸಲ ಬಂದ ದಾರಿಗೇ ಮರಳುತ್ತದೆ. ಅದಕ್ಕಿಂತ ದೊಡ್ಡ ಕೊರತೆ, ಎದುರಾಳಿಗೆ ಇಲ್ಲಿ ಒಂದು ಸಿದ್ಧಾಂತ, ಒಂದು ಪತ್ರಿಕೆ, ಒಂದು ಕಚೇರಿ ಇದೆ. ದೇವರನ್ನು ನಿರಾಕರಿಸುವ ಗೋಜಿಗೂ ಹೋಗದ ಉದಾಸೀನನಿಗೆ ಏನು ಹೇಳುವುದೆಂಬುದಕ್ಕೆ 1957ರ ಪುಟಗಳಲ್ಲಿ ಉತ್ತರ ತೆಳುವಾಗಿದೆ. ದ್ವಿತೀಯ ವ್ಯಾಟಿಕನ್ ಮಹಾಸಭೆಗೆ ಮುನ್ನ ಧರ್ಮಾಧ್ಯಕ್ಷರೊಬ್ಬರ ಕೋರಿಕೆಯ ಮೇರೆಗೆ ಸಮಕಾಲೀನ ನಾಸ್ತಿಕತೆಯನ್ನು ಕುರಿತು ಆಕೆ ಬರೆದ ಟಿಪ್ಪಣಿಗಳನ್ನು ಇದರ ಜೊತೆಗಿಟ್ಟು ಓದುವುದು ಆದ್ದರಿಂದ ಅಗತ್ಯ. 1964ರ ಅಕ್ಟೋಬರ್‌ನಲ್ಲಿ, ಮಹಾಸಭೆಯ ಮೂರನೆಯ ಅಧಿವೇಶನ ನಡೆಯುತ್ತಿದ್ದಾಗಲೇ ಆಕೆ ತೀರಿಕೊಂಡರು. ನಾಸ್ತಿಕತೆಯ ಹುಟ್ಟಿನಲ್ಲಿ ವಿಶ್ವಾಸಿಗಳ ಪಾಲೂ ಉಂಟೆಂದು ಒಪ್ಪಿದ ಮಹಾಸಭೆಯ ಸಂವಿಧಾನ ಮರುವರ್ಷ ಹೊರಬಂದಿತು.

ಇವ್ರಿಯನ್ನು ಹಾಗೆಯೇ ಕರ್ನಾಟಕಕ್ಕೆ ಎತ್ತಿ ತರಲಾಗದೆಂಬುದನ್ನೂ ಹೇಳಬೇಕು. ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದ ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳ ಪರಿಶೀಲನೆಗೆ ಸಮಿತಿ ರಚಿಸಿದಾಗ ನಮ್ಮ ನಾಡಿನ ವೈಚಾರಿಕತೆ ಕೇಳಿದ ಪ್ರಶ್ನೆ ಪವಾಡದ್ದು, ಪುರಾವೆಯದ್ದು. ಇವ್ರಿಯ ಕಾರ್ಮಿಕ ಕೇಳಿದ ಪ್ರಶ್ನೆ ಅನ್ನದ್ದು, ನ್ಯಾಯದ್ದು. ಮೊದಲನೆಯದಕ್ಕೆ ಸಿದ್ಧವಾಗಿರುವ ನಮ್ಮ ಪಠ್ಯಗಳು ಎರಡನೆಯದಕ್ಕೆ ಅಷ್ಟಾಗಿ ಸಿದ್ಧವಾಗಿಲ್ಲ.

ಕೊನೆಯ ಪ್ರಶ್ನೆಯೊಂದು ಯಾಜಕರಿಗೇ ಸಂಬಂಧಿಸಿದ್ದು. ದೆಲ್‌ಬ್ರೆಲ್ ಶ್ರೀಸಾಮಾನ್ಯ ವಿಶ್ವಾಸಿಯಾಗಿ, ದುಡಿದು ಉಣ್ಣುವ ನೆರೆಯವಳಾಗಿ ಬಾಯಿ ತೆರೆದರು. ದೇವರ ವಿಷಯ ಮಾತನಾಡಲು ಆಕೆಗೆ ಯಾರೂ ಸಂಬಳ ಕೊಟ್ಟಿರಲಿಲ್ಲ. ಕೇಳುವವನಿಗೆ ಅದು ಗೊತ್ತಿತ್ತು. ನಿಲುವಂಗಿ ತೊಟ್ಟ ನಾವು ಅದೇ ಮಾತನ್ನಾಡಿದರೆ ಅದು ನಮ್ಮ ಉದ್ಯೋಗವೆಂದು ಆತ ತಿಳಿಯುತ್ತಾನೆ. ಈ ತೊಡಕಿಗೆ ಕೃತಿಯಲ್ಲಿ ಪರಿಹಾರವಿಲ್ಲ. ಅದು ಯಾಜಕರ ಕೈಪಿಡಿಯಾಗಿ ಬರೆದದ್ದೂ ಅಲ್ಲ. ಧರ್ಮಕೇಂದ್ರದ ಕಚೇರಿಯ ಹೊರಗೆ, ಯಾವ ಅಧಿಕಾರವೂ ಕೈಯಲ್ಲಿಲ್ಲದ ಕಡೆ, ನಮ್ಮನ್ನು ಬಲ್ಲ ಅವಿಶ್ವಾಸಿಗಳು ಎಷ್ಟು ಮಂದಿ ಎಂಬ ಎಣಿಕೆಯಿಂದ ಆ ಚರ್ಚೆ ನಮ್ಮ ಗುರುಮಠಗಳಲ್ಲಿ ಇನ್ನೂ ಆರಂಭವಾಗಬೇಕಾಗಿದೆ.